ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿ ಈಗ ಯಾರದು? ಪೆನ್ ಸೆಂಟ್ರಲ್ ಮುಳುಗಿದ್ದು ಯಾಕೆ?

ಹಳಿಹುಚ್ಚ
ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. 1846ರಲ್ಲಿ ಶುರುವಾದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಒಂದು ಕಾಲಕ್ಕೆ ಇಡೀ ಜಗತ್ತಿನ ರೈಲ್ವೆಗಳಿಗೆ ತಾನೇ ಮಾದರಿ ಅಂತ ಬೀಗ್ತಿತ್ತು. ಅದರ ಇವತ್ತಿನ ವಾರಸುದಾರ ಯಾರು ಅಂತ ಹುಡುಕಿದ್ರೆ ಮೂರು ಉತ್ತರ ಸಿಗುತ್ತೆ. ಒಬ್ಬರು ನಾರ್ಫೋಕ್ ಸದರ್ನ್ ಅಂತಾರೆ, ಇನ್ನೊಬ್ಬರು ಕಾನ್‌ರೈಲ್ ಅಂತಾರೆ, ಮೂರನೆಯವರು ಸಿನ್ಸಿನಾಟಿಯ ಇನ್ಶೂರೆನ್ಸ್ ಗುಂಪು ಅಂತಾರೆ. ಯಾವುದು ನಿಜ?

ಎರಡನೇದು, 1968ರ ಫೆಬ್ರವರಿ 1ಕ್ಕೆ ಎದುರಾಳಿ ರೈಲ್ವೆ ನ್ಯೂಯಾರ್ಕ್ ಸೆಂಟ್ರಲ್ ಜೊತೆ ವಿಲೀನ ಆಗಿ ಪೆನ್ ಸೆಂಟ್ರಲ್ ಹುಟ್ಟಿತು, 1970ರ ಜೂನ್ 21ಕ್ಕೆ ದಿವಾಳಿ ಅರ್ಜಿ. ಎರಡೂವರೆ ವರ್ಷ ತುಂಬೋಕೆ ಮುಂಚೆ ಅಷ್ಟು ದೊಡ್ಡ ಕಂಪನಿ ಮಲಗೋದು ಹೇಗೆ ಸಾಧ್ಯ?

ಲೆಕ್ಕದ ಮೇಷ್ಟ್ರು
ಮೂರೂ ನಿಜ. ಹಳಿ ಒಂದು ದಾರಿ ಹಿಡೀತು, ಕಂಪನಿ ಇನ್ನೊಂದು ದಾರಿ ಹಿಡೀತು. ಎರಡೂ ಕವಲೊಡೆದದ್ದು 1976ರ ಏಪ್ರಿಲ್ 1ರಂದು.

ಮೊದಲು ಕಂಪನಿಯ ದಾರಿ. 1968ರಲ್ಲಿ ಕಾನೂನು ಪ್ರಕಾರ ಉಳಿದದ್ದು ಪೆನ್ಸಿಲ್ವೇನಿಯಾ ರೈಲ್‌ರೋಡೇ. ನ್ಯೂಯಾರ್ಕ್ ಸೆಂಟ್ರಲ್ ಅದರೊಳಗೆ ಕರಗಿತು, ಅದರ ಒಂದು ಷೇರಿಗೆ 1.3 ಷೇರು ಕೊಟ್ಟರು. ಉಳಿದ ಕಂಪನಿಯ ಹೆಸರು ಪೆನ್ಸಿಲ್ವೇನಿಯಾ ನ್ಯೂಯಾರ್ಕ್ ಸೆಂಟ್ರಲ್ ಟ್ರಾನ್ಸ್‌ಪೋರ್ಟೇಶನ್ ಕಂಪನಿ ಅಂತ ಆಯ್ತು. ಯಾರ ಬಾಯಲ್ಲೂ ಆ ಹೆಸರು ಹೊರಳಲಿಲ್ಲ, ಮೇ 8ಕ್ಕೆ ಪೆನ್ ಸೆಂಟ್ರಲ್ ಕಂಪನಿ ಅಂತ ಮೊಟಕು ಮಾಡಿದರು. 1969ರ ಅಕ್ಟೋಬರ್ 1ಕ್ಕೆ ಮೇಲೊಂದು ಹೋಲ್ಡಿಂಗ್ ಕಂಪನಿ ಕೂರಿಸಿ ಪೆನ್ ಸೆಂಟ್ರಲ್ ಕಂಪನಿ ಅನ್ನೋ ಹೆಸರನ್ನ ಅದಕ್ಕೆ ಕೊಟ್ಟರು. ರೈಲು ಓಡಿಸೋ ಕಂಪನಿ ಪೆನ್ ಸೆಂಟ್ರಲ್ ಟ್ರಾನ್ಸ್‌ಪೋರ್ಟೇಶನ್ ಆಯ್ತು. 1970ರಲ್ಲಿ ದಿವಾಳಿ ಆದದ್ದು ಈ ಎರಡನೇದು. 1978ರ ಅಕ್ಟೋಬರ್ 24ಕ್ಕೆ ಅದು ಹಳಿಯನ್ನೆಲ್ಲ ಕಳಚಿಕೊಂಡು ಪೆನ್ ಸೆಂಟ್ರಲ್ ಕಾರ್ಪೊರೇಶನ್ ಅಂತ ದಿವಾಳಿಯಿಂದ ಹೊರಬಂತು. 1994ರಲ್ಲಿ ಅಮೆರಿಕನ್ ಪ್ರೀಮಿಯರ್ ಅಂಡರ್‌ರೈಟರ್ಸ್ ಅಂತ ಹೆಸರು, 1995ರಲ್ಲಿ ಅಮೆರಿಕನ್ ಫೈನಾನ್ಷಿಯಲ್ ಗ್ರೂಪಿನ ಕೆಳಗೆ. ನಿಮ್ಮ ಸಿನ್ಸಿನಾಟಿ ಉತ್ತರ ಇದು.

ಹಳಿಯ ದಾರಿ: 1976ಕ್ಕೆ ದಿವಾಳಿಯಾದ ರೈಲ್ವೆಗಳನ್ನ ಸೇರಿಸಿ ಸರ್ಕಾರ ಕಟ್ಟಿದ ಕಾನ್‌ರೈಲ್, 1999ರ ಜೂನ್ 1ರಿಂದ ಬಹುಪಾಲು ಇವತ್ತಿನ ದೊಡ್ಡ ರೈಲ್ವೆಗಳಾದ ನಾರ್ಫೋಕ್ ಸದರ್ನ್ ಮತ್ತು ಸಿಎಸ್‌ಎಕ್ಸ್.

ಗಾಲಿಗೌಡ
ಉಗಿಬಂಡಿ ಓಡಿಸ್ತಿದ್ದ ಕಂಪನಿ ಈಗ ಪಾಲಿಸಿ ಮಾರ್ತಿದೆ ಅನ್ನಿ 😄

ಲೆಕ್ಕದ ಮೇಷ್ಟ್ರು
ಪಾಲಿಸಿ ಮಾರೋದು ಅದೇ ಗುಂಪಿನ ಬೇರೆ ಕಂಪನಿಗಳು. ಈ ಹಳೇ ಕಂಪನಿಯ ತಲೆ ಮೇಲೆ ಉಳಿದದ್ದು ರೈಲ್ವೆ ಕಾಲದ ಹೊಣೆ. ಕಲ್ನಾರಿನ ಧೂಳು ಕುಡಿದ ಹಳೇ ನೌಕರರ ಪರಿಹಾರದ ದಾವೆಗಳು, ಮಣ್ಣಿಗೆ ಸೇರಿದ ರಾಸಾಯನಿಕ ತೆಗೆಸೋ ಖರ್ಚು. ಫಿಲಡೆಲ್ಫಿಯಾ ಹೊರಗಿನ ಪಾವೊಲಿ ಯಾರ್ಡ್ ನೋಡಿ. ಅಲ್ಲಿ ಎಲೆಕ್ಟ್ರಿಕ್ ಲೋಕಲ್ ಬಂಡಿಗಳ ರಿಪೇರಿ ನಡೀತಿತ್ತು. ಟ್ರಾನ್ಸ್‌ಫಾರ್ಮರ್ ಒಳಗಿನ ದ್ರವದಲ್ಲಿ ಪಿಸಿಬಿ ಅನ್ನೋ ವಿಷ ರಾಸಾಯನಿಕ ಇರ್ತಿತ್ತು, ಸೋರಿ ನೆಲಕ್ಕಿಳೀತು. ಹಳಿ ಕೈಬಿಟ್ಟು ಎಷ್ಟೋ ವರ್ಷದ ಮೇಲೂ ಆ ಬಿಲ್ಲು ಇವರ ಬಾಗಿಲಿಗೇ ಬಂತು.

ಧಾರವಾಡ ಪ್ಯಾಸೆಂಜರ್
ಎರಡನೇ ಪ್ರಶ್ನೆಗೆ ನಾ ಹೇಳ್ತೀನ್ರಿ. ವಿಲೀನದಿಂದ ಮುಳುಗ್ತು ಅಂತ ಎಲ್ಲಾರೂ ಬರೀತಾರ, ಅದು ಅರ್ಧ ಮಾತು. ರೋಗ ಮೊದ್ಲಿಂದಾನೂ ಇತ್ತು. ಪೆನ್ಸಿಲ್ವೇನಿಯಾ ತನ್ನ ಚರಿತ್ರೆದಾಗ ಮೊದಲನೇ ಸಲ ವರ್ಷದ ನಷ್ಟ ತೋರಿಸಿದ್ದು 1946ರಾಗ, ನೂರು ತುಂಬಿದ ವರ್ಷಾನ. 1956ರ ಇಂಟರ್‌ಸ್ಟೇಟ್ ಹೆದ್ದಾರಿ ಕಾಯ್ದೆ ಬಂತು, ಮಾಲೆಲ್ಲಾ ಲಾರಿಗೆ ಹೋತು. 1959ರಾಗ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೀತು, ದೊಡ್ಡ ಹಡಗ ಸೀದಾ ಶಿಕಾಗೋ ತನಕ. ಮನಿಗೆ ಕಲ್ಲಿದ್ದಲು ಉರಸೋದು ನಿಂತ್ತು. ಮ್ಯಾಲೆ ಲೋಕಲ್ ಪ್ಯಾಸೆಂಜರ್ ಗಾಡಿ ನಷ್ಟದಾಗ ಓಡಸಲೇಬೇಕು. ದರ ಏರಸಾಕ, ಇಳಸಾಕ, ಲೈನ್ ಮುಚ್ಚಾಕ, ಎಲ್ಲಾದಕ್ಕೂ ಐಸಿಸಿ, ಅಂದ್ರ ಅಂತರರಾಜ್ಯ ವಾಣಿಜ್ಯ ಆಯೋಗದ ಮುಂದ ಕೈ ಕಟ್ಟಿ ನಿಂದರಬೇಕು. ಎರಡೂ ಕಂಪನಿ ಕೂಡಲಿಕ್ಕಂದ್ರೂ ಮುಳುಗತಿದ್ವು, ನಾಕು ವರ್ಷ ತಡಾ ಆಗ್ತಿತ್ತು ಅಷ್ಟ.

ಸಿಗ್ನಲ್ ಸೀನ
ಅದು ಒಪ್ಪೋ ಮಾತಲ್ಲ. ಆಲ್ಫ್ರೆಡ್ ಪರ್ಲ್‌ಮನ್ 1954ರಿಂದ ನ್ಯೂಯಾರ್ಕ್ ಸೆಂಟ್ರಲ್‌ನಲ್ಲಿ ಮಾಡಿದ್ದು ನೋಡಿ. ಬಫಲೋ–ಕ್ಲೀವ್‌ಲ್ಯಾಂಡ್ ನಡುವೆ ನಾಲ್ಕು ಹಳಿ ಇದ್ದದ್ದನ್ನು ಎರಡಕ್ಕೆ ಇಳಿಸಿ ಕೇಂದ್ರೀಕೃತ ಸಂಚಾರ ನಿಯಂತ್ರಣ ಹಾಕಿಸಿದ. ಹಳಿ ಅರ್ಧ ಆದ್ರೂ ಬಂಡಿ ನಿಲ್ಲಲಿಲ್ಲ, ಯಾಕಂದ್ರೆ ಎರಡೂ ಹಳಿಯಲ್ಲಿ ಎರಡೂ ದಿಕ್ಕಿಗೆ ಓಡಿಸಬಹುದು, ಹಿಂದಿನ ವೇಗದ ಬಂಡಿ ಮುಂದಿನದನ್ನು ದಾಟಿ ಹೋಗೋಕೆ ನಿಯಂತ್ರಕ ಕೂತಲ್ಲಿಂದಲೇ ಪಾಯಿಂಟು ತಿರುಗಿಸ್ತಾನೆ. ತೆಗೆದ ಹಳಿ ಮಾರಿದ ದುಡ್ಡು ಬೇರೆ. ಅಂಥ ಆಡಳಿತವನ್ನ ಪೆನ್ಸಿಲ್ವೇನಿಯಾದ ಹಳೇ ಅಧಿಕಾರಿ ಪಡೆಯ ಕೆಳಗೆ ಕೂರಿಸಿದ್ದೇ ತಪ್ಪು.

ಧಾರವಾಡ ಪ್ಯಾಸೆಂಜರ್
ಪರ್ಲ್‌ಮನ್ ಶಾಣ್ಯಾ ಇದ್ದ, ಇಲ್ಲ ಅನ್ನಂಗಿಲ್ಲ. ಆದ್ರ ಅವನ ಕಂಪನಿ ಗಳಿಕೆನೂ 1967ರಾಗ ನೆಲಾ ಹಿಡಿದಿತ್ತಲ್ರಿ.

ಕರಾವಳಿ ಗೂಡ್ಸ್
ನೀವು ಯಾರೂ ಹತ್ತು ವರ್ಷ ಕಾದದ್ದರ ಲೆಕ್ಕ ಹೇಳ್ತಾ ಇಲ್ಲ ಮಾರಾಯ್ರೆ. ಮಾತು ಶುರುವಾದದ್ದು 1957 ನವೆಂಬರ್‌ನಲ್ಲಿ, ಪೆನ್ಸಿಲ್ವೇನಿಯಾದ ಜೇಮ್ಸ್ ಸೈಮ್ಸ್ ಮತ್ತು ಸೆಂಟ್ರಲ್‌ನ ರಾಬರ್ಟ್ ಯಂಗ್ ನಡುವೆ. ಮೂರು ತಿಂಗಳೊಳಗೆ ಯಂಗ್ ತೀರಿಕೊಂಡರು. 1959 ಜನವರಿಯಲ್ಲಿ ಪರ್ಲ್‌ಮನ್ ಹಿಂದೆ ಸರಿದರು. ಅವರಿಗೆ ಬೇಕಾದದ್ದು ಚೆಸಪೀಕ್ ಅಂಡ್ ಒಹಾಯೋ, ಬಾಲ್ಟಿಮೋರ್ ಅಂಡ್ ಒಹಾಯೋ ಜೊತೆ ಕೂಡಿಕೆ. ಅವೆರಡೂ ತಾವೇ ಕೂಡಿಕೊಂಡವು, ಸೆಂಟ್ರಲ್ ಹೊರಗೆ ಉಳಿಯಿತು. ಮತ್ತೆ ಹೋಗಿ 1962 ಜನವರಿಯಲ್ಲಿ ಪೆನ್ಸಿಲ್ವೇನಿಯಾ ಜೊತೆಗೇ ಒಪ್ಪಂದ. ಐಸಿಸಿ ಒಪ್ಪಿದ್ದು 1966 ಏಪ್ರಿಲ್‌ನಲ್ಲಿ. 1967ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು, ಪಕ್ಕದ ಸಣ್ಣ ರೈಲ್ವೆಗಳ ಗತಿ ಮೊದಲು ತೀರ್ಮಾನ ಆಗಲಿ ಎಂದು. 1968 ಜನವರಿ 15ಕ್ಕೆ ಕೊನೆಯ ಹಸಿರು ಬಾವುಟ. ಅಷ್ಟರಲ್ಲಿ ಲಾರಿಯವರು ತಿನ್ನುವುದನ್ನೆಲ್ಲ ತಿಂದು ಆಗಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಷರತ್ತುಗಳದ್ದು. ಒಂದು, 1964ರಲ್ಲಿ ಯೂನಿಯನ್‌ಗಳ ಜೊತೆ ನೌಕರಿ ರಕ್ಷಣೆ ಒಪ್ಪಂದ, ವಿಲೀನದಿಂದ ಯಾರ ಕೆಲಸವೂ ಹೋಗಬಾರದು. ಜನ ಕಡಿಮೆ ಮಾಡಲಿಕ್ಕೆ ಅಂತಲೇ ವಿಲೀನ, ಆದರೆ ಅದಕ್ಕಾಗಿ ಮೊದಲೇ ಮನೆಗೆ ಕಳಿಸಿದ ಸಾವಿರಾರು ಮಂದಿಯನ್ನೂ ಕರೆದು ಸಂಬಳ ಕೊಡಬೇಕಾಯಿತು. ಎರಡು, ದಿವಾಳಿಯಲ್ಲಿ ಬಿದ್ದಿದ್ದ ನ್ಯೂ ಹೇವನ್ ರೈಲ್ವೆಯನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು. 1969ರ ಹೊಸ ವರ್ಷದ ದಿನ ಅದೂ ಬಂತು. ಮೂರು, ನಾರ್ಫೋಕ್ ಅಂಡ್ ವೆಸ್ಟರ್ನ್ ಎಂಬ ಕಲ್ಲಿದ್ದಲು ಸಾಗಿಸುವ ರೈಲ್ವೆಯಲ್ಲಿದ್ದ ಪಾಲು ಮಾರಬೇಕು.

ಲೆಕ್ಕದ ಮೇಷ್ಟ್ರು
ಆ ಮೂರನೇದು ಬಂದದ್ದು ಬೇರೆ ಕೇಸಿನಲ್ಲಿ, 1964ರಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್ ನಿಕಲ್ ಪ್ಲೇಟ್ ರೈಲ್ವೆಯನ್ನು ಸೇರಿಸಿಕೊಂಡು ವಾಬಾಷ್ ರೈಲ್ವೆಯನ್ನು ಗುತ್ತಿಗೆಗೆ ತಗೊಂಡಾಗ. ಆದರೆ ಪೆಟ್ಟು ನಿಜ. ಪೆನ್ಸಿಲ್ವೇನಿಯಾ ಹತ್ತಿರ ಆ ಕಲ್ಲಿದ್ದಲು ರೈಲ್ವೆಯ ಸುಮಾರು ಮೂರನೇ ಒಂದು ಪಾಲು ಇತ್ತು. ರೈಲಿನಲ್ಲಿ ನಷ್ಟ ಆದ ವರ್ಷಗಳಲ್ಲೂ ಡಿವಿಡೆಂಡ್ ಕೊಡೋಕಾಗಿದ್ದು ಅಲ್ಲಿಂದ ಬರ್ತಿದ್ದ ಡಿವಿಡೆಂಡ್‌ನಿಂದ. ಅಂಥ ಗಟ್ಟಿ ಆದಾಯ ಬಿಟ್ಟುಕೊಟ್ಟು ದುಡ್ಡು ಎಲ್ಲಿ ಹಾಕಿದರು? ಫ್ಲಾರಿಡಾದ ಅರ್ವಿಡಾ, ಕ್ಯಾಲಿಫೋರ್ನಿಯಾದ ಮ್ಯಾಕೋ, ಟೆಕ್ಸಸ್‌ನ ಗ್ರೇಟ್ ಸೌತ್‌ವೆಸ್ಟ್. ಮೂರೂ ಜಮೀನು ವ್ಯವಹಾರ. ಬಕೈ ಪೈಪ್‌ಲೈನ್ ಒಂದೇ ನಿಜವಾಗಿ ದುಡ್ಡು ತರ್ತಿದ್ದದ್ದು.

ಗಾಲಿಗೌಡ
ಗ್ರೇಟ್ ಸೌತ್‌ವೆಸ್ಟ್ ಅಂದ್ರೆ ಸಿಕ್ಸ್ ಫ್ಲಾಗ್ಸ್ ಪಾರ್ಕಿನವರೇ ತಾನೆ? ರೈಲ್ವೆ ದುಡ್ಡಲ್ಲಿ ಜಾರುಬಂಡಿ!

ಲೆಕ್ಕದ ಮೇಷ್ಟ್ರು
ಅವರೇ. ಎಕ್ಸಿಕ್ಯುಟಿವ್ ಜೆಟ್ ಏವಿಯೇಶನ್‌ಗೂ ದುಡ್ಡು ಸುರಿದಿದ್ದರು. ರೈಲ್ವೆ ವಿಮಾನ ಕಂಪನಿಯ ಹಿಡಿತ ಇಟ್ಟುಕೊಳ್ಳೋಕೆ ಕಾನೂನು ಬಿಡ್ತಿರಲಿಲ್ಲ, ಅದೇ ದೊಡ್ಡ ಗಲಾಟೆ ಆಯ್ತು. ಆ ಕಂಪನಿ ಮುಂದೆ ನೆಟ್‌ಜೆಟ್ಸ್ ಆಗಿ 1998ರಲ್ಲಿ ಬರ್ಕ್‌ಷೈರ್ ಹಾಥವೇ ಕೈಗೆ ಹೋಯ್ತು.

ಸಿಗ್ನಲ್ ಸೀನ
ದುಡ್ಡಿನ ಕತೆ ಸಾಕು, ಯಾರ್ಡಿಗೆ ಬನ್ನಿ. ಮೊದಲ ದಿನದಿಂದಲೇ ಏನೇನು ಕೆಟ್ಟಿತು ಅಂದ್ರೆ:

ಎರಡೂ ಕಂಪನಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡ್ತಿರಲಿಲ್ಲ. ವ್ಯಾಗನ್ ಯಾರ್ಡಿಗೆ ಬರೋದು, ಅದರ ವೇಬಿಲ್ ಬಾರದೇ ಇರೋದು. ವೇಬಿಲ್ ಇಲ್ಲದ ವ್ಯಾಗನ್ ಎಲ್ಲಿಗೆ ಹೋಗಬೇಕು ಅಂತ ಯಾರ್ಡಿನ ಗುಮಾಸ್ತನಿಗೆ ಗೊತ್ತಾಗಲ್ಲ. ಪಕ್ಕದ ಹಳಿಗೆ ತಳ್ಳಿ ಇಡ್ತಾನೆ. ಅಂಥ ವ್ಯಾಗನ್ ಹೆಚ್ಚಾದ ಹಾಗೆ ವಿಂಗಡಿಸೋಕೆ ಬೇಕಾದ ಹಳಿಯೇ ತುಂಬಿ ಹೋಗುತ್ತೆ. ಹಳಿ ತುಂಬಿದ ಮೇಲೆ ಹೊರಗಿನ ಗಾಡಿ ಯಾರ್ಡ್ ಬಾಯಲ್ಲಿ ನಿಲ್ಲುತ್ತೆ, ಅದರ ಸಿಬ್ಬಂದಿಯ ಡ್ಯೂಟಿ ಗಂಟೆ ಮುಗಿಯುತ್ತೆ, ಬದಲಿ ಸಿಬ್ಬಂದಿ ಬರಬೇಕು, ಅಷ್ಟರಲ್ಲಿ ಅದರ ಹಿಂದಿನದೂ ನಿಂತಿರುತ್ತೆ. ಯಾರ್ಡು ಒಂದು ಸಲ ಹೀಗೆ ಕಟ್ಟಿಕೊಂಡರೆ ಬಿಡಿಸೋಕೆ ವಾರಗಟ್ಟಲೆ ಬೇಕು.

ಇದರ ಮೇಲೆ ದಿನಬಾಡಿಗೆ. ಬೇರೆ ರೈಲ್ವೆಯ ವ್ಯಾಗನ್ ನಿಮ್ಮ ಹಳಿ ಮೇಲೆ ಇದ್ದಷ್ಟು ದಿನಕ್ಕೂ ಮಾಲೀಕ ರೈಲ್ವೆಗೆ ಬಾಡಿಗೆ ಕೊಡಬೇಕು. ಪೂರ್ವ ತೀರ ಮಾಲು ಇಳಿಯೋ ಕಡೆ, ಪಶ್ಚಿಮದಿಂದ ತುಂಬಿದ ವ್ಯಾಗನ್ ಬಂದು ಖಾಲಿ ಆಗಿ ವಾಪಸ್ ಹೋಗಬೇಕು. ಕಳೆದುಹೋದ ವ್ಯಾಗನ್ ದಾರಿ ಸಿಗದೆ ನಿಂತಿರೋ ಒಂದೊಂದು ದಿನಕ್ಕೂ ಪೆನ್ ಸೆಂಟ್ರಲ್ ಜೇಬಿಗೇ ಕತ್ತರಿ.

ಹಳಿಗಳು ಒಂದನ್ನೊಂದು ದಾಟೋ ಕಡೆ ಸೇರಿಸೋ ಕೂಡುಹಳಿ ಇರಲಿಲ್ಲ, ನೂರು ವರ್ಷ ಶತ್ರುಗಳಾಗಿದ್ದವರು ಯಾಕೆ ಕಟ್ಟಿರ್ತಾರೆ? ಅದನ್ನ ಕಟ್ಟೋಕೆ ಮುಂಚೆಯೇ ಮಾಲಿನ ದಾರಿ ಬದಲಿಸಿದರು. ಪಕ್ಕಾ ಯೋಜನೆ ಪರ್ಲ್‌ಮನ್ ಮೇಜಿನ ಮೇಲೆ ಇತ್ತು, ನಿಧಾನಕ್ಕೆ ಹೋಗೋಣ ಅಂತ ಅವನೂ ಹೇಳಿದ. ಅಧ್ಯಕ್ಷ ಸ್ಟುವರ್ಟ್ ಸಾಂಡರ್ಸ್‌ಗೆ ಉಳಿತಾಯದ ಅಂಕಿ ಬೇಗ ತೋರಿಸಬೇಕಿತ್ತು.

ಮೈಸೂರು ಮೀಟರ್‌ಗೇಜ್
ಸಿಗ್ನಲ್‌ನವರೇ ಸಿಗ್ನಲ್ ಬಿಟ್ಟರೆ ಹೇಗೆ? ಪೆನ್ಸಿಲ್ವೇನಿಯಾದ್ದು ಪೊಸಿಷನ್ ಲೈಟ್. ಬಣ್ಣವೇ ಇಲ್ಲ, ಹಳದಿ ದೀಪಗಳ ಸಾಲು ನೆಟ್ಟಗೆ ನಿಂತರೆ ಹೋಗು, ಓರೆಯಾದರೆ ನಿಧಾನ, ಅಡ್ಡ ಮಲಗಿದರೆ ನಿಲ್ಲು. ಸೆಂಟ್ರಲ್‌ನವರದು ಕೆಂಪು-ಹಳದಿ-ಹಸಿರು. ಪೆನ್ಸಿಲ್ವೇನಿಯಾದ ಮುಖ್ಯ ಮಾರ್ಗಗಳಲ್ಲಿ ಎಂಜಿನ್ ಕ್ಯಾಬಿನ್ ಒಳಗೇ ಸಿಗ್ನಲ್ ತೋರಿಸೋ ಉಪಕರಣ, ಸೆಂಟ್ರಲ್‌ನಲ್ಲಿ ಹಳಿ ಪಕ್ಕದ ಅಯಸ್ಕಾಂತದ ಮೇಲೆ ಹಾಯ್ದಾಗ ಬ್ರೇಕ್ ಎಚ್ಚರಿಕೆ. ಒಂದರ ಎಂಜಿನ್ ಇನ್ನೊಂದರ ಮೇನ್‌ಲೈನಿನಲ್ಲಿ ಮುಂದೆ ಕಟ್ಟೋ ಹಾಗಿಲ್ಲ.

ಎಂಜಿನ್ನಿಗೆ ಕರೆಂಟು ಕೊಡೋ ಮೂರನೇ ಹಳಿ ಇನ್ನೂ ತಮಾಷೆ. ನ್ಯೂಯಾರ್ಕಿನಲ್ಲಿ ಪೆನ್ಸಿಲ್ವೇನಿಯಾದ ಪೆನ್ ಸ್ಟೇಷನ್ ಕಡೆ ಕರೆಂಟು ಹಳಿಯ ಮೇಲುಗಡೆಯಿಂದ ಶೂ (ಕರೆಂಟು ತೆಗೆಯೋ ಪಟ್ಟಿ) ಒರೆಸಿಕೊಂಡು ಹೋಗುತ್ತೆ, ಸೆಂಟ್ರಲ್ ನಿಲ್ದಾಣ ಗ್ರ್ಯಾಂಡ್ ಸೆಂಟ್ರಲ್ ಕಡೆ ಕೆಳಗಡೆಯಿಂದ. ನ್ಯೂ ಹೇವನ್‌ನ ಎಫ್‌ಎಲ್‌-9 ಎಂಜಿನ್ ಒಂದೇ ಎರಡಕ್ಕೂ ಹೊಂದೋ ಶೂ ಇಟ್ಟುಕೊಂಡು ಓಡಾಡ್ತಿದ್ದದ್ದು, ಡೀಸೆಲ್ ಮತ್ತು ಕರೆಂಟು ಎರಡರಲ್ಲೂ.

ಗಾಲಿಗೌಡ
ಒಟ್ಟಿನಲ್ಲಿ ಒಂದೇ ಮನೆ, ಎರಡು ಒಲೆ. ಕೆಂಪು ತಂಡ, ಹಸಿರು ತಂಡ ಅಂತಾನೇ ಕರೀತಿದ್ರಂತೆ ಅಲ್ವಾ?

ಸಿಗ್ನಲ್ ಸೀನ
ಹೌದು. ಕೆಂಪು ಪೆನ್ಸಿಲ್ವೇನಿಯಾ, ಹಸಿರು ಸೆಂಟ್ರಲ್, ಅವರವರ ವ್ಯಾಗನ್ ಬಣ್ಣದಿಂದ.

ಶಿಂಷಾ
ವಿಷಯಾಂತರ, ಕ್ಷಮಿಸಿ. ಪೆನ್ಸಿಲ್ವೇನಿಯಾ ತಂತಿಯಲ್ಲಿ 11,000 ವೋಲ್ಟ್, 25 ಸೈಕಲ್ (ಸೆಕೆಂಡಿಗೆ 25 ಆವರ್ತ) ಕರೆಂಟು ಅಲ್ವಾ? ನಮ್ಮ ಶಿವನಸಮುದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದೂ 25 ಸೈಕಲ್ ಕರೆಂಟೇ, ಅದೂ ಜನರಲ್ ಎಲೆಕ್ಟ್ರಿಕ್ ಯಂತ್ರಗಳಿಂದ.

ಮೈಸೂರು ಮೀಟರ್‌ಗೇಜ್
ಆ ಕಾಲಕ್ಕೆ ದೊಡ್ಡ ಮೋಟಾರಿಗೆ ಕಡಿಮೆ ಸೈಕಲ್ಲೇ ಅನುಕೂಲ. ಎಸಿ ಕರೆಂಟಲ್ಲಿ ಓಡೋ ಕಮ್ಯುಟೇಟರ್ ಮೋಟಾರಿಗೆ 60 ಸೈಕಲ್ ಕೊಟ್ಟರೆ ಬ್ರಶ್ ಹತ್ತಿರ ಕಿಡಿ ಹಾರಿ ಸುಟ್ಟುಹೋಗೋದು. ವಾಷಿಂಗ್ಟನ್–ನ್ಯೂಯಾರ್ಕ್ ಮಾರ್ಗದಲ್ಲಿ ಆಮ್‌ಟ್ರಾಕ್ (ಸರ್ಕಾರದ ಪ್ಯಾಸೆಂಜರ್ ರೈಲು ಸಂಸ್ಥೆ) ಈಗಲೂ 25 ಸೈಕಲ್ಲೇ ಓಡಿಸ್ತಿದೆ, ಊರ ಕರೆಂಟನ್ನು ಪರಿವರ್ತಕದಲ್ಲಿ ಇಳಿಸಿಕೊಂಡು.

ಕರಾವಳಿ ಗೂಡ್ಸ್
ವಿಷಯಾಂತರ ಆಗುವುದಾದರೆ ನನ್ನದೂ ಒಂದು ಇರಲಿ. 1966 ಜುಲೈನಲ್ಲಿ ನ್ಯೂಯಾರ್ಕ್ ಸೆಂಟ್ರಲ್‌ನವರು ಬಡ್ ಕಂಪನಿಯ ಡೀಸೆಲ್ ರೈಲುಕಾರಿನ ತಲೆ ಮೇಲೆ ಎರಡು ಜೆಟ್ ಎಂಜಿನ್ ಕೂರಿಸಿ ಒಹಾಯೋದ ಬ್ರಯನ್ ಹತ್ತಿರ ಓಡಿಸಿದರು. ಗಂಟೆಗೆ 183.68 ಮೈಲಿ! ಆಮೇಲೆ ಜೆಟ್ ಕಳಚಿ ಅದೇ ಕಾರನ್ನು ಲೋಕಲ್ ಓಡಾಟಕ್ಕೆ ಹಾಕಿದರು ಮಾರಾಯ್ರೆ.

ಹಳಿಹುಚ್ಚ
ಜೆಟ್ ಆಮೇಲೆ 😀 ದಿವಾಳಿ ಆದ ದಿನಗಳಲ್ಲಿ ನಿಜವಾಗಿ ಆದದ್ದೇನು? ನಷ್ಟ ಆದ ಮಾತ್ರಕ್ಕೆ ಕಂಪನಿ ಒಂದೇ ದಿನಕ್ಕೆ ಬೀಳಲ್ವಲ್ಲ.

ಲೆಕ್ಕದ ಮೇಷ್ಟ್ರು
ಸರಿಯಾದ ಪ್ರಶ್ನೆ. ನಷ್ಟ ಆದರೂ ಕಂಪನಿ ಬದುಕಿರುತ್ತೆ, ಕೈಯಲ್ಲಿ ನಗದು ಮುಗಿದರೆ ಸಾಯುತ್ತೆ.

ಪೆನ್ ಸೆಂಟ್ರಲ್ ದಿನದ ಖರ್ಚಿಗೆ ಕಮರ್ಷಿಯಲ್ ಪೇಪರ್ ನೆಚ್ಚಿಕೊಂಡಿತ್ತು. ಕೆಲವೇ ತಿಂಗಳ ಅವಧಿಯ ಭದ್ರತೆ ಇಲ್ಲದ ಸಾಲ ಅದು. ಅವಧಿ ಮುಗಿದಾಗ ಹೊಸ ಪೇಪರ್ ಮಾರಿ ಹಳೇದು ತೀರಿಸ್ತಾರೆ. ಮಾರಿಕೊಡ್ತಿದ್ದದ್ದು ಗೋಲ್ಡ್‌ಮನ್ ಸ್ಯಾಕ್ಸ್. ಕೊನೆಯ ತನಕ ಅತ್ಯುತ್ತಮ ದರ್ಜೆ ಅಂತಲೇ ಮುದ್ರೆ ಇತ್ತು. ಈ ಮಧ್ಯೆ ಹಣಕಾಸು ಮುಖ್ಯಸ್ಥ ಡೇವಿಡ್ ಬೆವನ್ ಕೈಕೆಳಗೆ ಲೆಕ್ಕವನ್ನು ಬಣ್ಣ ಹಚ್ಚಿ ತೋರಿಸ್ತಿದ್ದರು. ಜಮೀನು ಕಂಪನಿಗಳ ಕಾಗದದ ಲಾಭ ಒಟ್ಟು ಲೆಕ್ಕಕ್ಕೆ ಸೇರಿಸಿ, ರೈಲಿನ ನಷ್ಟ ಮರೆಗೆ ತಳ್ಳಿ, ಸಾಲ ಮಾಡಿ ಡಿವಿಡೆಂಡ್ ಹಂಚೋದು.

1970ರ ವಸಂತಕ್ಕೆ ದಿನಕ್ಕೆ ಹತ್ತಿರ ಹತ್ತಿರ 10 ಲಕ್ಷ ಡಾಲರ್ ಹೋಗ್ತಿತ್ತು. ಉಪಕಂಪನಿ ಪೆನ್ಸಿಲ್ವೇನಿಯಾ ಕಂಪನಿ ಹೆಸರಲ್ಲಿ 10 ಕೋಟಿ ಡಾಲರ್ ಡಿಬೆಂಚರ್ (ಸಾಲಪತ್ರ) ತರೋಕೆ ಹೊರಟರು. ಅದರ ಜೊತೆ ಮೂರು ತಿಂಗಳ ನಷ್ಟದ ಅಂಕಿ ಬಯಲಿಗೆ ಬಂತು, ಕೊಳ್ಳೋರೇ ಇಲ್ಲ, ಮೇ ಕೊನೆಗೆ ವಾಪಸ್. ಅಷ್ಟು ಹೊತ್ತಿಗೆ ಹಳೇ ಪೇಪರ್ ಹೊಸದಾಗಿ ಮಾರೋದೂ ನಿಂತಿತ್ತು. ಜೂನ್ 8ಕ್ಕೆ ನಿರ್ದೇಶಕ ಮಂಡಳಿ ಸಾಂಡರ್ಸ್, ಪರ್ಲ್‌ಮನ್, ಬೆವನ್ ಮೂವರನ್ನೂ ಕುರ್ಚಿಯಿಂದ ಇಳಿಸಿತು. ರಕ್ಷಣಾ ಇಲಾಖೆ ಹೆಸರಲ್ಲಿ 20 ಕೋಟಿ ಡಾಲರ್ ಸಾಲಕ್ಕೆ ಖಾತರಿ ಕೊಡೋಕೆ ನಿಕ್ಸನ್ ಸರ್ಕಾರ ಓಡಾಡಿತು. ಕಾಂಗ್ರೆಸ್ಸಿನಲ್ಲಿ ರೈಟ್ ಪ್ಯಾಟ್‌ಮನ್ ಅಡ್ಡ ನಿಂತರು, ಸರ್ಕಾರ ಕೈ ಬಿಟ್ಟಿತು. ಜೂನ್ 21 ಭಾನುವಾರ, ಅರ್ಜಿ ಹೋಯ್ತು.

ಬಾಕಿ ಉಳಿದ ಪೇಪರ್ ಸುಮಾರು 8.2 ಕೋಟಿ ಡಾಲರ್. ಬೇರೆ ಕಂಪನಿಗಳ ಪೇಪರೂ ಯಾರೂ ಕೊಳ್ಳದೇ ಹೋದಾರು ಅಂತ ಫೆಡರಲ್ ರಿಸರ್ವ್ ಬ್ಯಾಂಕುಗಳಿಗೆ ಧಾರಾಳವಾಗಿ ಸಾಲ ಕೊಡ್ತೀನಿ ಅಂದಿತು, ದೊಡ್ಡ ಠೇವಣಿಗಳ ಬಡ್ಡಿ ಮಿತಿ ತೆಗೆದು ಹಾಕಿತು. ರೈಲ್ವೆ ಉಳೀಲಿಲ್ಲ, ಪೇಟೆ ಉಳೀತು.

ಧಾರವಾಡ ಪ್ಯಾಸೆಂಜರ್
ದಿವಾಳಿ ಆದ ಮ್ಯಾಲೂ ಆರು ವರ್ಷ ಗಾಡಿ ಓಡಿದ್ದು ಹ್ಯಾಂಗ ಅಂತ ಕೇಳ್ರಿ ಮತ್ತ. ಹಳೇ ದಿವಾಳಿ ಕಾಯ್ದೆದಾಗ 77ನೇ ಕಲಮು ರೈಲ್ವೆಗಂತನ ಇತ್ತು. ಕೋರ್ಟು ಟ್ರಸ್ಟಿಗಳನ್ನ ನೇಮಿಸ್ತದ, ಗಾಡಿ ನಿಲ್ಲಸಂಗಿಲ್ಲ. ಸಾಲದ ಬಡ್ಡಿ ಕೊಡಾಂಗಿಲ್ಲ, ಊರೂರಿನ ಆಸ್ತಿ ತೆರಿಗಿ ಕೊಡಾಂಗಿಲ್ಲ, ಗುತ್ತಿಗಿ ಲೈನಿನ ಬಾಡಿಗಿ ಕೊಡಾಂಗಿಲ್ಲ. ಆ ರೊಕ್ಕಾ ಡೀಸೆಲ್‌ಗೆ, ಪಗಾರಕ್ಕ. ಅಷ್ಟಾದ್ರೂ ಸಾಲ್ಲಿಲ್ಲ. ಸ್ಲೀಪರ್ ಕೊಳೆತು ಹಳಿ ಸರಿದು, ಎಷ್ಟೋ ಕಡೆ ಗಂಟೆಗೆ 10 ಮೈಲಿ ವೇಗಮಿತಿ. ನಿಧಾನ ಆದಂಗ ಗಿರಾಕಿ ಹೋಗ್ತಾರ, ಗಿರಾಕಿ ಹೋದಂಗ ದುರಸ್ತಿಗೆ ರೊಕ್ಕಾ ಇರೂದಿಲ್ಲ. ಫಿಲಡೆಲ್ಫಿಯಾದ ನ್ಯಾಯಾಧೀಶ ಜಾನ್ ಫುಲ್ಲಮ್ ಕೋರ್ಟಿನ್ಯಾಗ ಸಾಲಾ ಕೊಟ್ಟವರ ವಾದ ಒಂದ: ನಮ್ಮ ಆಸ್ತಿ ಕರಗಿಸಿ ಸಾರ್ವಜನಿಕ ಸೇವಾ ನಡಸೂದು ಸಂವಿಧಾನಕ್ಕ ಒಪ್ಪೂದಿಲ್ಲ. ಆ ಒತ್ತಡದಿಂದನ 1974 ಜನವರಿ 2ಕ್ಕ ಪ್ರಾದೇಶಿಕ ರೈಲು ಪುನಾರಚನಾ ಕಾಯ್ದೆಗೆ ಸಹಿ ಬಿತ್ತು.

ಕರಾವಳಿ ಗೂಡ್ಸ್
ಪ್ಯಾಸೆಂಜರ್ ಗಾಡಿಗಳ ದೊಡ್ಡ ಭಾರ ಅದಕ್ಕೂ ಮೊದಲೇ ಇಳಿದಿತ್ತು, 1971 ಮೇ 1ಕ್ಕೆ ದೂರದ ಗಾಡಿಗಳು ಆಮ್‌ಟ್ರಾಕ್ ಪಾಲಾದವು. ಲೋಕಲ್ ಮಾತ್ರ ಕುತ್ತಿಗೆಯಲ್ಲೇ ಉಳಿಯಿತು.

ಹಳಿಹುಚ್ಚ
ಕಾನ್‌ರೈಲ್ ಅಂದ್ರೆ ಪೆನ್ ಸೆಂಟ್ರಲ್‌ಗೆ ಹೊಸ ಬೋರ್ಡು ಅಷ್ಟೇನಾ?

ಸಿಗ್ನಲ್ ಸೀನ
ಅಲ್ಲ. ದಿವಾಳಿಯಾದ ಬೇರೆ ರೈಲ್ವೆಗಳೂ ಸೇರಿದವು: ಈರಿ ಲಾಕವಾನಾ, ಲೀಹೈ ವ್ಯಾಲಿ, ರೆಡಿಂಗ್, ಸೆಂಟ್ರಲ್ ಆಫ್ ನ್ಯೂಜೆರ್ಸಿ, ಲೀಹೈ ಅಂಡ್ ಹಡ್ಸನ್ ರಿವರ್. ಈರಿ ಲಾಕವಾನಾ 1972ರ ಆಗ್ನೆಸ್ ಚಂಡಮಾರುತದ ಪ್ರವಾಹದಲ್ಲಿ ಹಳಿ ಕೊಚ್ಚಿಹೋಗಿ ದಿವಾಳಿಗೆ ಬಂದದ್ದು. ಅದರ ಒಂದು ಭಾಗ ಚೆಸ್ಸಿ (ಚೆಸಪೀಕ್ ಅಂಡ್ ಒಹಾಯೋ, ಬಾಲ್ಟಿಮೋರ್ ಅಂಡ್ ಒಹಾಯೋ ಕೂಡಿದ ರೈಲ್ವೆ ಗುಂಪು) ಕೊಳ್ಳಬೇಕಿತ್ತು. ಯೂನಿಯನ್ ಜೊತೆ ಕರಾರು ಕುದುರದೆ 1976 ಫೆಬ್ರವರಿಯಲ್ಲಿ ಮುರಿದುಬಿತ್ತು, ಎಲ್ಲ ಕಾನ್‌ರೈಲ್ ಬುಟ್ಟಿಗೇ. ಬಾಸ್ಟನ್–ವಾಷಿಂಗ್ಟನ್ ಕಾರಿಡಾರಿನ ಬಹುಪಾಲು ಆಮ್‌ಟ್ರಾಕ್‌ಗೆ ಹೋಯ್ತು.

ಮುಖ್ಯ ವಿಷಯ, ಕಾನ್‌ರೈಲ್‌ಗೆ ಬಂದದ್ದು ಆಸ್ತಿ ಮಾತ್ರ. ಹಳೇ ಸಾಲ, ಅಡಮಾನ, ಬಾಕಿ ತೆರಿಗೆ ಹಳೇ ಕಂಪನಿಗಳ ಹತ್ತಿರವೇ ಬಿಟ್ಟರು.

ಲೆಕ್ಕದ ಮೇಷ್ಟ್ರು
ಅದಕ್ಕೆ ಬದಲಾಗಿ ಸರ್ಕಾರ ಎಷ್ಟು ಕೊಡಬೇಕು ಅನ್ನೋ ವ್ಯಾಜ್ಯ ವರ್ಷಗಟ್ಟಲೆ ನಡೆದು 1981ರಲ್ಲಿ ಸುಮಾರು 210 ಕೋಟಿ ಡಾಲರಿಗೆ ತೀರಿತು. ಆ ದುಡ್ಡೇ ಪೆನ್ ಸೆಂಟ್ರಲ್ ಕಾರ್ಪೊರೇಶನ್‌ನ ಎರಡನೇ ಜನ್ಮಕ್ಕೆ ಬಂಡವಾಳ.

ಗಾಲಿಗೌಡ
ಜನರ ತೆರಿಗೆ ದುಡ್ಡಲ್ಲಿ ಇನ್ಶೂರೆನ್ಸ್ ಕಂಪನಿ. ಭೇಷ್.

ಧಾರವಾಡ ಪ್ಯಾಸೆಂಜರ್
ನನ್ನ ವಾದಕ್ಕ ಕಾನ್‌ರೈಲ್‌ನ ಸಾಕ್ಷಿ. ಅವೇ ಹಳಿ, ಅವೇ ಊರು, ಸಿಗ್ನಲ್‌ನವರು ಬೈಯೋ ಗೊಂದಲಾ ಎಲ್ಲಾ ಸರಿಹೋದ ಮ್ಯಾಲೂ 1976ರಿಂದ 1980ರ ತನಕ ನಷ್ಟನ. 1980 ಅಕ್ಟೋಬರ್ 14ಕ್ಕ ಸ್ಟ್ಯಾಗರ್ಸ್ ಕಾಯ್ದೆ ಬಂತು, ಗಿರಾಕಿ ಜೋಡಿ ಸೀದಾ ದರದ ಕರಾರು ಮಾಡಬೌದು ಅಂತಾತು. 1981ರಾಗ ಮೊದಲನೇ ಲಾಭ! ಕಾಯ್ದೆನ ಕುತ್ತಿಗಿ ಹಿಡಿದಿತ್ತು ಅನ್ನೂದು ಇನ್ನ ಹೆಂಗ ಹೇಳಬೇಕ್ರಿ?

ಸಿಗ್ನಲ್ ಸೀನ
ಅದೇ 1981ರಲ್ಲಿ ಸ್ಟ್ಯಾನ್ಲಿ ಕ್ರೇನ್ ಚುಕ್ಕಾಣಿ ಹಿಡಿದದ್ದು ಯಾಕೆ ಬಿಟ್ಟಿರಿ? ಸದರ್ನ್ ರೈಲ್ವೆ ನಡೆಸಿದ್ದ ಮನುಷ್ಯ. ಲೋಕಲ್ ಗಾಡಿಗಳು 1983ರಿಂದ ಮೆಟ್ರೋ-ನಾರ್ತ್, ಎನ್‌ಜೆ ಟ್ರಾನ್ಸಿಟ್, ಸೆಪ್ಟಾ ಅನ್ನೋ ಸ್ಥಳೀಯ ಸಾರಿಗೆ ಸಂಸ್ಥೆಗಳ ಕೈಗೆ. ಮಾಲಿಲ್ಲದ ಲೈನ್ ಮುಚ್ಚೋಕೆ ಶೀಘ್ರ ವಿಧಾನ. ನೌಕರರ ಸಂಖ್ಯೆ ಒಂದು ದಶಕದಲ್ಲಿ ಅರ್ಧಕ್ಕಿಂತ ಕೆಳಗೆ. ಮುಂಚಿನ ನಾಲ್ಕು ವರ್ಷ ಸರ್ಕಾರ ಸ್ಲೀಪರ್, ಹಳಿ, ಎಂಜಿನ್ನಿಗೆ ಸುರಿದ ಶತಕೋಟಿಗಟ್ಟಲೆ ಡಾಲರ್ ಬೇರೆ. ಬರೀ ಕಾಯ್ದೆ ಬದಲಾಗಿ 10 ಮೈಲಿ ವೇಗದ ಹಳಿ ಹಾಗೇ ಇದ್ದಿದ್ರೆ ಯಾವ ಗಿರಾಕಿ ಕರಾರಿಗೆ ಬರ್ತಿದ್ದ?

ಧಾರವಾಡ ಪ್ಯಾಸೆಂಜರ್
ಅದು ಖರೆ. ಆದ್ರೂ ದುರಸ್ತಿ ಆಗಿದ್ದ ಹಳಿ ಮ್ಯಾಲೂ 1980ರ ತನಕ ನಷ್ಟ ಆಗಿದ್ದೂ ಖರೆನ.

ಲೆಕ್ಕದ ಮೇಷ್ಟ್ರು
ನೀವಿಬ್ಬರೂ ನಾಳೆ ಮುಂದುವರಿಸಿ. ಉಳಿದ ಕತೆ: 1987 ಮಾರ್ಚ್‌ನಲ್ಲಿ ಸರ್ಕಾರ ತನ್ನ 85 ಶೇಕಡ ಪಾಲನ್ನು ಒಂದು ಷೇರಿಗೆ 28 ಡಾಲರಿನಂತೆ ಜನರಿಗೆ ಮಾರಿತು. 1996 ಅಕ್ಟೋಬರ್‌ನಲ್ಲಿ ಸಿಎಸ್‌ಎಕ್ಸ್ ಕೊಳ್ಳೋಕೆ ಬಂತು, ನಾರ್ಫೋಕ್ ಸದರ್ನ್ ಹೆಚ್ಚಿನ ಬೆಲೆ ಕೂಗಿತು. ಹರಾಜು ಏರಿ ಏರಿ ಷೇರಿಗೆ 115 ಡಾಲರ್ ತನಕ ಹೋಯ್ತು, ಒಟ್ಟು ಸುಮಾರು 1,020 ಕೋಟಿ ಡಾಲರ್. ಕೊನೆಗೆ ನಾರ್ಫೋಕ್ ಸದರ್ನ್ 58, ಸಿಎಸ್‌ಎಕ್ಸ್ 42 ಶೇಕಡ ಅಂತ ಹಂಚಿಕೊಂಡರು. ಉತ್ತರ ನ್ಯೂಜೆರ್ಸಿ, ದಕ್ಷಿಣ ನ್ಯೂಜೆರ್ಸಿ–ಫಿಲಡೆಲ್ಫಿಯಾ, ಡೆಟ್ರಾಯ್ಟ್ ಮೂರು ಕಡೆ ಇಬ್ಬರಿಗೂ ಬೇಕು ಅಂತ ಕಾನ್‌ರೈಲ್ ಹೆಸರಲ್ಲೇ ಜಂಟಿಯಾಗಿ ಉಳಿಸಿಕೊಂಡರು. ಆದ್ದರಿಂದ ಕಾನ್‌ರೈಲ್ ಉತ್ತರವೂ ಪೂರ್ತಿ ಸುಳ್ಳಲ್ಲ.

ಹಂಚೋವಾಗ ಕಾಗದಕ್ಕೆ ಎರಡು ಕಂಪನಿ ಮಾಡಿದರು. ನಾರ್ಫೋಕ್ ಸದರ್ನ್ ಪಾಲಿಗೆ ಪೆನ್ಸಿಲ್ವೇನಿಯಾ ಲೈನ್ಸ್, ಸಿಎಸ್‌ಎಕ್ಸ್ ಪಾಲಿಗೆ ನ್ಯೂಯಾರ್ಕ್ ಸೆಂಟ್ರಲ್ ಲೈನ್ಸ್. 2004ರಲ್ಲಿ ಅವೂ ಕರಗಿದವು.

ಮೈಸೂರು ಮೀಟರ್‌ಗೇಜ್
ಆ ಹೆಸರು ನೋಡಿ ಹಳಿಯ ಮೂಲ ಹೇಳೋಕೆ ಹೋಗಬೇಡಿ, ಎಡವುತ್ತೀರಿ. ಕ್ಲೀವ್‌ಲ್ಯಾಂಡ್‌ನಿಂದ ಟೊಲೀಡೊ, ಎಲ್ಕಾರ್ಟ್ ಮೇಲೆ ಶಿಕಾಗೋಗೆ ಹೋಗೋದು ಅಪ್ಪಟ ನ್ಯೂಯಾರ್ಕ್ ಸೆಂಟ್ರಲ್ ಮೇನ್‌ಲೈನ್. 1999ರಲ್ಲಿ ಅದು ಪೆನ್ಸಿಲ್ವೇನಿಯಾ ಲೈನ್ಸ್ ಹೆಸರಿಗೆ ಬಂತು.

ಯಾವುದಾದರೂ ಒಂದು ಮೈಲಿ ಹಳಿಯ ಚರಿತ್ರೆ ತೆಗೀಬೇಕಂದ್ರೆ ಕ್ರಮ ಹೀಗೆ. ಮೊದಲು ಓಡಿಸಿದ ಕಂಪನಿ ಬಿಟ್ಟು ಹಳಿಯ ಒಡೆಯ ಕಂಪನಿ ಯಾವುದು ಅಂತ ಹುಡುಕಿ. ಮೈಸೂರು ಸಂಸ್ಥಾನದ ಹಳಿಯನ್ನ ಸದರ್ನ್ ಮರಾಠಾ ಕಂಪನಿ ಓಡಿಸಿದ ಹಾಗೆ, ಅಲ್ಲೂ ಬಹಳಷ್ಟು ಗುತ್ತಿಗೆ. ಪೆನ್ಸಿಲ್ವೇನಿಯಾ 1869ರಲ್ಲಿ ಪಿಟ್ಸ್‌ಬರ್ಗ್, ಫೋರ್ಟ್ ವೇನ್ ಅಂಡ್ ಶಿಕಾಗೋವನ್ನ 999 ವರ್ಷಕ್ಕೆ ತಗೊಂಡಿತ್ತು, 1871ರಲ್ಲಿ ಯುನೈಟೆಡ್ ನ್ಯೂಜೆರ್ಸಿಯನ್ನೂ ಅಷ್ಟೇ ವರ್ಷಕ್ಕೆ. ಒಡೆಯ ಯಾರು ಅನ್ನೋದು ಐಸಿಸಿಯ ಮೌಲ್ಯಮಾಪನ ನಕ್ಷೆಗಳಲ್ಲಿ ಸಿಗುತ್ತೆ. 1913ರ ಕಾಯ್ದೆಯಂತೆ ಬರೆಸಿದವು, ಒಂದೊಂದು ಜಾಗದ ತುಂಡಿಗೂ ಸಂಖ್ಯೆ ಕೊಟ್ಟು ಯಾರಿಂದ, ಯಾವ ದಿನ ಕೊಂಡದ್ದು ಅಂತ ಪಟ್ಟಿ ಇರುತ್ತೆ. ಆಮೇಲೆ ಕೌಂಟಿ ನೋಂದಣಿ ಕಚೇರಿಯಲ್ಲಿ 1976ರ ಕಾನ್‌ರೈಲ್ ಪತ್ರ ತೆಗೆಸಿ. ಅದರಲ್ಲಿ ಲೈನ್ ಕೋಡ್ ಅಂತ ಒಂದು ಸಂಖ್ಯೆ ಇರುತ್ತೆ. ಆ ಸಂಖ್ಯೆ ಪಟ್ಟಿಯಲ್ಲಿ ಇಲ್ಲ ಅಂದ್ರೆ ಹಳಿ ಕಾನ್‌ರೈಲ್‌ಗೆ ಬರಲೇ ಇಲ್ಲ, ಹಳೇ ಕಂಪನಿಯ ಹತ್ತಿರವೇ ಉಳೀತು ಅಂತ ಅರ್ಥ. ಹಳಿ ಕಿತ್ತು ಮಾಡಿದ ಎಷ್ಟೋ ಸೈಕಲ್ ದಾರಿಗಳ ಜಾಗದ ವ್ಯಾಜ್ಯ ಹುಟ್ಟೋದು ಇಲ್ಲೇ.

ಶಿಂಷಾ
ಗ್ರ್ಯಾಂಡ್ ಸೆಂಟ್ರಲ್ ಕಟ್ಟಡವೂ ಹಾಗೆ ಉಳಿದದ್ದಾ?

ಲೆಕ್ಕದ ಮೇಷ್ಟ್ರು
ಹೌದು. ಅದರ ಮೇಲೆ 55 ಮಹಡಿಯ ಗೋಪುರ ಕಟ್ಟೋಕೆ ಪೆನ್ ಸೆಂಟ್ರಲ್ ಹೊರಟಿತ್ತು, ಪಾರಂಪರಿಕ ಕಟ್ಟಡ ಅಂತ ನಗರ ಬಿಡಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟು 6–3ರಿಂದ ನಗರದ ಪರ ನಿಂತಿತು. ಕಾನೂನು ಓದೋರಿಗೆ ಪೆನ್ ಸೆಂಟ್ರಲ್ ಅಂದ್ರೆ ರೈಲಲ್ಲ, ಈ ತೀರ್ಪು. ಜಾಗದ ಒಡೆತನ 2006ರ ತನಕ ಆ ಇನ್ಶೂರೆನ್ಸ್ ಗುಂಪಿನ ಹತ್ತಿರವೇ ಇತ್ತು. ಬಾಡಿಗೆಗಿದ್ದ ನಗರ ಸಾರಿಗೆ ಸಂಸ್ಥೆಯ ಗುತ್ತಿಗೆ 2274ರ ತನಕ. ಆ ವಿಚಿತ್ರ ಇಸವಿ ಎಲ್ಲಿಂದ ಬಂತು ಅಂದ್ರೆ, 1873ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಒಡೆಯ ವ್ಯಾಂಡರ್‌ಬಿಲ್ಟ್ ಕಾಲದಲ್ಲಿ ನ್ಯೂಯಾರ್ಕ್ ಅಂಡ್ ಹಾರ್ಲೆಮ್ ರೈಲ್ವೆಯನ್ನು 401 ವರ್ಷಕ್ಕೆ ಗುತ್ತಿಗೆ ಹಿಡಿದಿದ್ದರು, ಕೂಡಿಸಿ ನೋಡಿ. 2020ರಲ್ಲಿ ಸಾರಿಗೆ ಸಂಸ್ಥೆ ಜಾಗವನ್ನೇ ಕೊಂಡುಕೊಂಡಿತು.

ಗಾಲಿಗೌಡ
ಹಳೇ ಷೇರು ಪತ್ರ ಆನ್‌ಲೈನಲ್ಲಿ ಮಾರ್ತಾರಲ್ಲ, ಕುದುರೆ ಲಾಳದ ತಿರುವಿನ ಚಿತ್ರ ಇರೋದು. ಅದಕ್ಕೆ ಈ ಇನ್ಶೂರೆನ್ಸ್ ಕಂಪನಿ ಷೇರು ಸಿಗುತ್ತಾ?

ಲೆಕ್ಕದ ಮೇಷ್ಟ್ರು
ಆಸೆ ಬಿಡಿ. ತೂತು ಹೊಡೆದಿದ್ದರೆ ಅದು ಆಗಲೇ ರದ್ದಾದ ಪತ್ರ, ಮಾಲೀಕ ಮಾರಿ ದುಡ್ಡು ತಗೊಂಡಾಗಿದೆ. ತೂತಿಲ್ಲದಿದ್ದರೂ 1978ರ ಪುನಾರಚನೆಯಲ್ಲಿ ಹಳೇ ಷೇರೆಲ್ಲ ರದ್ದು, ಬದಲಾಯಿಸಿಕೊಳ್ಳೋ ಗಡುವು ಎಂದೋ ಮುಗೀತು. ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿ. ವ್ಯಾಂಡರ್‌ಬಿಲ್ಟ್ ಮುಖ ಇರೋ ನ್ಯೂಯಾರ್ಕ್ ಸೆಂಟ್ರಲ್ ಪತ್ರವೂ ಅಷ್ಟೇ.

ಹಳಿಹುಚ್ಚ
ಎಲ್ಲರಿಗೂ ಧನ್ಯವಾದ. ಕೊನೇದೊಂದು: ಪೆನ್ ಸೆಂಟ್ರಲ್ ಗುರುತಿನ ವ್ಯಾಗನ್ ಇವತ್ತಿಗೂ ಗೂಡ್ಸ್ ಗಾಡಿಯಲ್ಲಿ ಕಾಣಬಹುದಾ?

ಮೈಸೂರು ಮೀಟರ್‌ಗೇಜ್
ಹಳಿ ಮೇಲೆ ಹುಡುಕಬೇಡಿ, ಮ್ಯೂಸಿಯಂಗೆ ಹೋಗಿ. ವ್ಯಾಗನ್ ಪಕ್ಕದಲ್ಲಿ ಕಟ್ಟಿದ ತಿಂಗಳು, ವರ್ಷ ಬರೆದಿರುತ್ತೆ. 1974 ಜುಲೈಗೆ ಮುಂಚೆ ಕಟ್ಟಿದ್ದಕ್ಕೆ ಒಂದು ರೈಲ್ವೆಯಿಂದ ಇನ್ನೊಂದಕ್ಕೆ ಹೋಗೋ ಓಡಾಟದಲ್ಲಿ 40 ವರ್ಷದ ಮಿತಿ, ಆಮೇಲಿನದಕ್ಕೆ 50. ಪೆನ್ ಸೆಂಟ್ರಲ್ 1976ಕ್ಕೇ ನಿಂತದ್ದರಿಂದ ಅದರ ಕೊನೇ ವ್ಯಾಗನ್‌ಗಳ ಗಡುವೂ ಮುಗಿಯೋ ಹೊತ್ತು. ಕಾನ್‌ರೈಲ್ ಕಾಲದವು ಬೇಕಂದ್ರೆ ಸಿಆರ್ ಗುರುತು ನೋಡಿ. 1999ರ ಹಂಚಿಕೆ ಆದ ಮೇಲೆ ಅವಕ್ಕೆ ಪಿಆರ್‌ಆರ್, ಎನ್‌ವೈಸಿ ಅಂತ ಗುರುತು ಬದಲಿಸಿದ್ದೂ ಉಂಟು. ಹಳೇ ಗುರುತಿನ ಮೇಲೆ ಬಣ್ಣದ ತೇಪೆ ಹಾಕಿ ಅದರ ಮೇಲೆ ಬರೆದಿರ್ತಾರೆ, ಕಟ್ಟಿದ ವರ್ಷ ಮಾತ್ರ ಮುಟ್ಟಲ್ಲ.